ಕ್ಷಯದ ಆರು ತಿಂಗಳು: ಲೆಕ್ಕ ರೋಗಿಯ ಕೈಯಲ್ಲಿರಲಿ



ಲಾವಣಿ, ಗೊಬ್ಬರ, ನೀರಿನ ವಿಷಯ ಬರೆಯುವ ಈ ಪುಟದಲ್ಲಿ ಈ ಸಲ ಕ್ಷಯರೋಗದ ವಿಷಯ ಬರೆಯುತ್ತಿದ್ದೇನೆ. ಕಾರಣವಿಷ್ಟೆ: ಈ ರೋಗದ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಅಪಾಯ ಕಬ್ಬು ನುರಿಸುವ ಹಂಗಾಮಿನಲ್ಲಿಯೇ ಹೆಚ್ಚು.

ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 4 ತಿಂಗಳು ಮೂರು, ದಿನಾಲೂ ತೆಗೆದುಕೊಳ್ಳಬೇಕು. ಸರಕಾರಿ ದವಾಖಾನೆಯಲ್ಲಿ ಇವು ಪುಕ್ಕಟೆ. ಈಗ ಆಗಸ್ಟ್ ನಡುವೆ ಗುಳಿಗೆ ಸುರು ಮಾಡಿದವನ ಲೆಕ್ಕ ಹಾಕಿ ನೋಡಿರಿ. ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ, ಊಟ ಸೇರುತ್ತದೆ. ಅಕ್ಟೋಬರ್ ನಡುವೆ ಮೊದಲ ಹಂತ ಮುಗಿಯುವಾಗ ಮೈಯಲ್ಲಿ ಕಸುವು ಬಂದಿರುತ್ತದೆ. ಆಗಲೇ ಹಂಗಾಮೂ ಬರುತ್ತದೆ. ಗಾಡಿ ಹೂಡುವ, ಕಬ್ಬು ಕಡಿಯಲು ಊರು ಬಿಡುವ ಗಡಿಬಿಡಿ. ಆದರೆ ಗುಳಿಗೆ ಮುಗಿಯುವುದು ಫೆಬ್ರವರಿ ನಡುವೆ!

ಗುಣವಾಯಿತೆಂದು ಅನಿಸಿದ ಮೇಲೂ ನಾಲ್ಕು ತಿಂಗಳು ಏಕೆ? ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲು ಸಾಯುತ್ತವೆ. ಮಂದವಾಗಿ ಅಡಗಿ ಕುಳಿತವು ಉಳಿಯುತ್ತವೆ. ಜೇಕನ್ನು ಮೇಲೆ ಕಿತ್ತರೆ ಹೊಲ ಸ್ವಚ್ಛವಾಗಿ ಕಾಣುತ್ತದೆ, ಗಡ್ಡೆ ಮಾತ್ರ ನೆಲದೊಳಗೇ ಇರುತ್ತದೆ. ನಡುವೆ ಬಿಟ್ಟವರಿಗೆ ರೋಗ ಮರುಕಳಿಸುತ್ತದೆ, ಎಷ್ಟೋ ಸಲ ಹಳೆಯ ಔಷಧಕ್ಕೆ ಬಗ್ಗದ ರೂಪದಲ್ಲಿ. ಆಗ ಚಿಕಿತ್ಸೆಯೇ ಬೇರೆ, ಈ ಲೆಕ್ಕ ನಡೆಯದು. ಆದ್ದರಿಂದ ಮೊದಲ ಕಫ ಪರೀಕ್ಷೆಯಲ್ಲಿಯೇ, ರೋಗ ರಿಫಾಂಪಿಸಿನ್ ಔಷಧಕ್ಕೆ ಬಗ್ಗುವುದೋ ಇಲ್ಲವೋ ನೋಡಿದ್ದೀರಾ ಎಂದು ಡಾಕ್ಟರರನ್ನು ಕೇಳಿರಿ. ಕೇಳುವುದರಲ್ಲಿ ಅಮರ್ಯಾದೆಯೇನೂ ಇಲ್ಲ. ಮಣ್ಣು ಪರೀಕ್ಷೆಯ ಚೀಟಿಯನ್ನು ನನ್ನ ಮುಂದೆ ಹಿಡಿದು ಹತ್ತು ಪ್ರಶ್ನೆ ಕೇಳುವ ರೈತರು ದವಾಖಾನೆಯಲ್ಲಿ ಬಾಯಿ ಕಟ್ಟಿ ಕೂಡುವುದು ನನಗೆ ಸೋಜಿಗ.

ಊರು ಬಿಡುವುದಿದ್ದರೆ ಮೊದಲ ದಿನವೇ ತಿಳಿಸಿರಿ. ಚಿಕಿತ್ಸೆಗೆ ಹೆಸರು ಹಚ್ಚಿದಾಗ ಕೊಡುವ ನಿಕ್ಷಯ್ ನಂಬರು ದೇಶದಲ್ಲೆಲ್ಲ ನಡೆಯುತ್ತದೆ. ಅಕ್ಕಲಕೋಟೆ, ಜತ್ತದಲ್ಲಿ ಹೆಸರು ಹಚ್ಚಿದವನು ಹಂಗಾಮಿಗೆ ವಿಜಯಪುರ, ಬೆಳಗಾವಿ ಕಡೆ ಹೋದರೂ ಚಿಕಿತ್ಸೆಯನ್ನು ಅಲ್ಲಿಗೆ ವರ್ಗ ಮಾಡಿಸಬಹುದು. ಹೊರಡುವ ವಾರ ಮೊದಲೇ ಮಾಡಿಸಿಕೊಂಡು, ದಾರಿಗೆ ಸಾಕಾಗುವಷ್ಟು ಗುಳಿಗೆ ಪಡೆದು ಹೊರಡಬೇಕು. ನಂಬರನ್ನು ಚೀಟಿಯಲ್ಲಿ ಬರೆದು ಮನೆಯಲ್ಲೊಂದು, ಕಿಸೆಯಲ್ಲೊಂದು ಇಟ್ಟುಕೊಳ್ಳಿರಿ. ದವಾಖಾನೆಯ ಕಾಗದ ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತದೆ. ಮುಂದಿನ ಕಫ ಪರೀಕ್ಷೆಯ ತಾರೀಖನ್ನು ಕನ್ನಡದಲ್ಲಿ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳಿರಿ. 2 ತಿಂಗಳ ಕೊನೆಗೆ ಒಂದು, ಚಿಕಿತ್ಸೆಯ ಕೊನೆಗೆ ಒಂದು ಪರೀಕ್ಷೆ ತಪ್ಪಬಾರದು. ಗುಳಿಗೆ ಎಷ್ಟೆಂಬುದು ತೂಕದ ಮೇಲೆ ನಿಲ್ಲುವುದರಿಂದ ತಿಂಗಳಿಗೊಮ್ಮೆ ತೂಕ ಬರೆದಿಡುವುದೂ ಒಳ್ಳೆಯದು.

ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿರಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ದವಾಖಾನೆಗೆ ಹೋಗಿರಿ. ಕೆಲವು ದಿನ ಗುಳಿಗೆ ತಪ್ಪಿದ್ದರೂ ಹಾಗೆಯೇ. ಬಿಟ್ಟದ್ದನ್ನು ಸೇರಿಸಿ ನುಂಗುವುದು ಬೇಡ. ಸಕ್ಕರೆ ಕಾಯಿಲೆಯ ಔಷಧ ನಡೆದಿದ್ದರೆ ಮೊದಲೇ ಹೇಳಿರಿ. ಗುಳಿಗೆಗಳ ಭಾರ ಯಕೃತ್ತಿನ ಮೇಲೆ ಬೀಳುವುದರಿಂದ ಸೆರೆ ಪೂರ್ತಿ ಬಂದ್.

ಆಹಾರಕ್ಕೆಂದು 2018ರಿಂದ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿಯ ಸರಕಾರಿ ನೆರವು ಇತ್ತು. ನವೆಂಬರ್ 2024ರಿಂದ ಅದು 1,000 ಆಗಿದೆ. ಶೇಂಗಾ, ಬೇಳೆ, ತತ್ತಿಗೆ ಇದು ಉಪಯೋಗವಾಗಲಿ. ಹಣ ಬರದಿದ್ದರೆ ಖಾತೆಯ ನಂಬರು ಸರಿಯಾಗಿ ಬರೆದಿದ್ದಾರೆಯೇ ಎಂದು ನೀವೇ ನೋಡಿರಿ. ವಿಚಾರಣೆಗೆ 1800-11-6666 ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಮನೆಯ ಮಂದಿಯನ್ನೆಲ್ಲ, ಅದರಲ್ಲೂ ಸಣ್ಣ ಮಕ್ಕಳನ್ನು, ಹಂಗಾಮಿನ ಮೊದಲೇ ಪರೀಕ್ಷೆಗೆ ಕರೆದುಕೊಂಡು ಹೋಗಿರಿ.