ಬೆಳೆ ಕಾಯುವ ಬಂದೂಕು: ಜೋಡಿಸಬೇಕಾದದ್ದು, ಜೋಡಿಸಬಾರದ್ದು



ಕಬ್ಬು ಆಳೆತ್ತರ ಬೆಳೆದು ಗಣಿಕೆಯಲ್ಲಿ ಸಿಹಿ ತುಂಬುವ ಕಾಲಕ್ಕೆ, ಗೋವಿನಜೋಳ ತೆನೆಗಟ್ಟುವ ಕಾಲಕ್ಕೆ ಹಂದಿ, ನರಿಗಳ ಕಾಟ ಹೆಚ್ಚುತ್ತದೆ. ಆಗ ಜಂತಿಯ ಮೇಲಿದ್ದ ಬಂದೂಕು ಕೆಳಗಿಳಿಯುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದವರು ನಿಮ್ಮ ಪೈಕಿ ಕೆಲವರಾದರೂ ಇದ್ದೀರಿ. ಬೀಜ, ಗೊಬ್ಬರದ ಬಗ್ಗೆ ಬರೆಯುವ ಈತನಿಗೆ ಬಂದೂಕಿನ ಗೊಡವೆ ಏಕೆ ಎಂದು ಕೇಳಬಹುದು. ಕಾರಣ ಹೇಳುತ್ತೇನೆ.

ಮೂರು ವರ್ಷಗಳ ಹಿಂದೆ ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ಗೋವಿನಜೋಳದ ಸೈನಿಕ ಹುಳುವಿನ ಹಾವಳಿ ನೋಡಲು ಹೋಗಿದ್ದೆ. ಚಹಾ ಕುಡಿದ ಮೇಲೆ ಮನೆಯ ಯಜಮಾನರು ಒಳಗಿನಿಂದ ಒಂದು ಪಂಪ್ ಆ್ಯಕ್ಷನ್ ಬಂದೂಕು ತಂದರು. ಅದರ ಮೇಲೆ ದುರ್ಬೀನು, ನಳಿಗೆಯ ಕೆಳಗೆ ದೊಡ್ಡ ಟಾರ್ಚು, ಪಕ್ಕದಲ್ಲಿ ಆರು ತೋಟೆ ಸಿಕ್ಕಿಸುವ ಪಟ್ಟಿ, ಹಿಂದೆ ದಪ್ಪ ರಬ್ಬರು. "ಮೊಬೈಲ್‌ನಾಗ ನೋಡಿ ತರಿಸೀನ್ರಿ ಸಾಹೇಬ್ರ, ಹೆಂಗೈತಿ?" ಎಂದರು. ಗೊಬ್ಬರ ತೂಗುವ ತೂಗುಯಂತ್ರ ಅಲ್ಲೇ ಇತ್ತು. ಬಂದೂಕು ಖಾಲಿ ಇದೆಯೇ ಎಂದು ಎರಡು ಸಲ ನೋಡಿ ತೂಗಿದೆವು. ಮೂರೂಕಾಲು ಕಿಲೋ ಇರಬೇಕಾದದ್ದು ನಾಲ್ಕೂವರೆ ಕಿಲೋ ಮುಟ್ಟಿತ್ತು. ಅದನ್ನು ಹೆಗಲಿಗೇರಿಸಿದರೆ ಅವರ ಎಡಗೈ ನಡುಗುತ್ತಿತ್ತು.

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಹಿಂದಿನ ವಾರ ನಡುರಾತ್ರಿ ಕಬ್ಬಿನ ಸಾಲಿನಲ್ಲಿ ಸರಸರ ಸದ್ದಾಯಿತು. ಬಂದೂಕು ಎತ್ತಿ ಟಾರ್ಚು ಹೊತ್ತಿಸಿದರು. ಬೆಳಕಿನಲ್ಲಿ ಕಂಡದ್ದು ಹಂದಿಯಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದದ್ದರಿಂದ ನೀರು ತಿರುವಲು ಬಂದು ಕುಳಿತಿದ್ದ ಪಕ್ಕದ ಹೊಲದವನು. "ಕುದುರಿ ಮ್ಯಾಲ ನನ್ನ ಬೆರಳಿತ್ರಿ" ಎಂದರು. ಈ ಲೇಖನ ಬರೆಯಬೇಕೆಂದು ನನಗೆ ಅನಿಸಿದ್ದು ಆ ಮಾತಿನಿಂದ.

ಪಂಪ್ ಆ್ಯಕ್ಷನ್ ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ನಳಿಗೆಯ ಕೆಳಗೆ ಇನ್ನೊಂದು ಕೊಳವೆಯಿದ್ದು ಅದರಲ್ಲಿ ತೋಟೆಗಳು ಸಾಲಾಗಿ ಕುಳಿತಿರುತ್ತವೆ. ಎಡಗೈ ಹಿಡಿಯುವ ಮುಂಗೈ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟೆ ಹೊರಗೆ ಬೀಳುತ್ತದೆ. ಮುಂದಕ್ಕೆ ದೂಡಿದರೆ ಹೊಸದು ನಳಿಗೆಗೆ ಏರುತ್ತದೆ. ಅಮೇರಿಕೆಯಲ್ಲಿ ಜಾನ್ ಬ್ರೌನಿಂಗ್ ಎಂಬಾತ ರೂಪಿಸಿದ ವಿಂಚೆಸ್ಟರ್ 1897 ಮತ್ತು 1950ರಲ್ಲಿ ಬಂದ ರೆಮಿಂಗ್ಟನ್ 870 ಈ ಜಾತಿಯಲ್ಲಿ ಹೆಸರಾದವು. ಎರಡನೆಯದು ಒಂದು ಕೋಟಿಗೂ ಹೆಚ್ಚು ತಯಾರಾಗಿದೆ. ನಮ್ಮ ದೇಶದಲ್ಲಿ ತಿರುಚಿರಾಪಳ್ಳಿಯ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 12 ಬೋರಿನ ಪಂಪ್ ಆ್ಯಕ್ಷನ್ ಬಂದೂಕನ್ನು ತಯಾರಿಸಿದೆ. ಆ ದೇಶದಲ್ಲಿ ಟ್ರ್ಯಾಕ್ಟರಿಗೆ ನೇಗಿಲು, ರಂಟೆ ಜೋಡಿಸಿದಂತೆ ಬಂದೂಕಿಗೂ ಹತ್ತೆಂಟು ಸಾಮಾನು ಜೋಡಿಸುತ್ತಾರೆ. ಅದನ್ನು ಮೊಬೈಲಿನಲ್ಲಿ ನೋಡಿದ ನಮ್ಮ ಹುಡುಗರಿಗೂ ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿಯ ಕಾಯ್ದೆ ಬೇರೆ, ಇಲ್ಲಿಯದು ಬೇರೆ, ಹೊಲಗಳೂ ಬೇರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಬೆಳೆ ರಕ್ಷಣೆಗೆ ಮೊದಲು ಕೊಡುವುದು ಬಾಯಿಮದ್ದಿನ ಬಂದೂಕಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ನುಣುಪು ನಳಿಗೆಯ ಬಂದೂಕಿಗೆ ಕೊಡಬಹುದು. ನಿಮ್ಮ ಪುಸ್ತಕದಲ್ಲಿ ಯಾವ ಬಗೆಯದು ಬರೆದಿದೆಯೋ ಅದೇ ಬಂದೂಕು ಅದೇ ರೂಪದಲ್ಲಿ ಇರಬೇಕು. ಕಬ್ಬಿನ ಸಾಲಿನಲ್ಲಿ ಉದ್ದನೆಯ ನಳಿಗೆ ತೊಡಕಾಗುತ್ತದೆಂದು ಗರಗಸದಿಂದ ತುಂಡು ಮಾಡಿಸುವವರು ಇದ್ದಾರೆಂದು ಕೇಳಿದ್ದೇನೆ. ನಳಿಗೆ ಕತ್ತರಿಸುವುದನ್ನು ಅದೇ ಕಾಯ್ದೆಯ 6ನೆಯ ಕಲಮು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಸದ್ದು ಅಥವಾ ಬೆಂಕಿಯ ಮಿಂಚು ಅಡಗಿಸುವ ಸಾಧನವನ್ನಂತೂ ಕಾಯ್ದೆ ಬಿಡಿಭಾಗವೆಂದು ನೋಡುವುದೇ ಇಲ್ಲ. ಅದೂ ಒಂದು ಬಂದೂಕೇ ಎಂದು ಎಣಿಸುತ್ತದೆ. ಬಂದೂಕಿನ ಬಿಡಿಭಾಗಗಳಿಗೂ ಇದೇ ಮಾತು. ಆದ್ದರಿಂದ ಉದ್ದ ಕೊಳವೆ, ಬೇರೆ ನಳಿಗೆ ಇಂಥವನ್ನು ಅಂಚೆಯಲ್ಲಿ ತರಿಸುವ ಯೋಚನೆ ಬೇಡ.

ಹಾಗಾದರೆ ಏನನ್ನೂ ಜೋಡಿಸಬಾರದೇ? ಜೋಡಿಸಬಹುದು, ಆದರೆ ಅವು ಕಣ್ಣಿಗೆ ಬೀಳದಂಥ ಸಾಮಾನುಗಳು.

ಎಲ್ಲಕ್ಕಿಂತ ಮೊದಲು ಬಂದೂಕು ನಿಮ್ಮ ಮೈಗೆ ಒಪ್ಪಬೇಕು. ಖಾಲಿ ಬಂದೂಕಿನ ಹಿಂಬದಿಯನ್ನು ಮೊಣಕೈಯ ಒಳಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳ ತುದಿಯ ಗೆಣ್ಣು ಕುದುರೆಯವರೆಗೆ ಸಲೀಸಾಗಿ ಮುಟ್ಟಬೇಕು. ಮುಟ್ಟದಿದ್ದರೆ ಹಿಂಬದಿಯ ಮರ ನಿಮಗೆ ಉದ್ದವಾಯಿತು. ಹೆಗಲು ನೋಯುತ್ತದೆಂದು ಅದರ ಮೇಲೆ ಒಂದಿಂಚು ರಬ್ಬರು ಕೂಡಿಸಿದರೆ ಇನ್ನೂ ಒಂದಿಂಚು ಉದ್ದವಾಗುತ್ತದೆ. ಬಂದೂಕು ತೋಳಿನ ಮೇಲೆ ಕುಳಿತು ಪೆಟ್ಟು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮರವನ್ನು ಅಷ್ಟು ಕಡಿಮೆ ಮಾಡಿ ರಬ್ಬರು ಕೂಡಿಸಬೇಕು. ಈ ಕೆಲಸ ಪರವಾನಗಿಯುಳ್ಳ ಬಂದೂಕು ರಿಪೇರಿಯವರದು. ಊರ ಬಡಿಗನದಲ್ಲ, ವೆಲ್ಡಿಂಗ್ ಅಂಗಡಿಯದಂತೂ ಅಲ್ಲವೇ ಅಲ್ಲ.

ಎರಡನೆಯದು ಹೆಗಲಪಟ್ಟಿ. ಕಾಲುವೆ ದಾಟುವಾಗ, ಒಡ್ಡು ಏರುವಾಗ ಎರಡೂ ಕೈ ಬೇಕಾಗುತ್ತವೆ. ಆದರೆ ಪಟ್ಟಿ ಕಬ್ಬಿನ ರವದಿಗೆ, ಡ್ರಿಪ್ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಹೆಗಲ ಮೇಲಿರುವಾಗ ಬಂದೂಕಿನಲ್ಲಿ ತೋಟೆ ಇರಕೂಡದು. ಪಂಪ್ ಬಂದೂಕಿನಲ್ಲಿ ಒಂದು ಮೋಸವಿದೆ. ನಳಿಗೆ ಖಾಲಿಯಾದರೂ ಕೆಳಗಿನ ಕೊಳವೆಯಲ್ಲಿ ತೋಟೆ ಉಳಿದಿರುತ್ತದೆ. ಮುಂಗೈ ಹಿಡಿ ಒಮ್ಮೆ ಹಿಂದೆ ಮುಂದೆ ಆಡಿತೆಂದರೆ ಅದು ಮೇಲೇರುತ್ತದೆ. ಜೋಡಿನಳಿಗೆಯ ಹಳೆಯ ಬಂದೂಕನ್ನು ಮಡಿಸಿದರೆ ಖಾಲಿಯೋ ಅಲ್ಲವೋ ದೂರದವರಿಗೂ ಕಾಣುತ್ತದೆ. ನನ್ನನ್ನು ಕೇಳಿದರೆ ಬೆಳೆ ಕಾಯುವವನಿಗೆ ಅದೇ ಹೆಚ್ಚು ಒಳ್ಳೆಯದು.

ಮೂರನೆಯದು ಕಿವಿಗೆ ಹಾಕುವ ಬಿರಡೆ. ಬಂದೂಕಿನ ಸದ್ದು 140 ಡೆಸಿಬೆಲ್ ದಾಟುತ್ತದೆ; ಒಂದೇ ಏಟಿಗೆ ಕಿವಿ ಹಾಳಾಗಬಹುದು. ಹತ್ತಿ ತುರುಕಿದರೆ ಸಾಲದು. ಔಷಧದ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಬಿರಡೆ ಕೆಲವೇ ರೂಪಾಯಿಯದು.

ಇನ್ನು ಟಾರ್ಚು. ನಳಿಗೆಗೆ ಕಟ್ಟಿದ ಟಾರ್ಚಿನಿಂದ ಏನನ್ನಾದರೂ ನೋಡಬೇಕಾದರೆ ಅದರತ್ತ ನಳಿಗೆ ತಿರುಗಿಸಲೇಬೇಕು. ನೋಡುವುದು ಮೊದಲು, ಗುರಿ ಹಿಡಿಯುವುದು ಆಮೇಲೆ ಎಂಬ ಕ್ರಮವೇ ತಲೆಕೆಳಗಾಗುತ್ತದೆ. ನಮ್ಮ ಕಡೆ ರಾತ್ರಿ ಹೊಲ ನಿರ್ಜನವಲ್ಲ. ನೀರು ಹಾಯಿಸುವವರು ಇರುತ್ತಾರೆ. ನವೆಂಬರಿನಿಂದ ಕಾರ್ಖಾನೆಗಳು ಶುರುವಾದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳು ಮರಿಗಳೊಂದಿಗೆ ಫಡದ ಬದಿಯಲ್ಲೇ ಗುಡಿಸಲು ಹಾಕಿರುತ್ತಾರೆ. 6ನೆಯ ನಂಬರಿನ ಸಣ್ಣ ಚರೆ ಸುಮಾರು 200 ಮೀಟರು ಹಾರುತ್ತದೆ. ಎಸ್‌ಜಿ ಎಂಬ ದಪ್ಪ ಚರೆ 600 ಮೀಟರಿಗೂ ಆಚೆ ಬೀಳಬಹುದು. ಆದರೆ ಗುರಿ ನೆಚ್ಚಬಹುದಾದದ್ದು 35ರಿಂದ 40 ಮೀಟರಿನೊಳಗೆ ಮಾತ್ರ. ಉಳಿದ ದೂರವೆಲ್ಲ ಯಾರ ಪಾಲಿಗೆ ಹೋಗುತ್ತದೋ ಹೇಳಲಾಗದು. ಟಾರ್ಚು ನಿಮ್ಮ ಹಣೆಗೆ ಇರಲಿ ಅಥವಾ ಜೊತೆಗಾರನ ಕೈಯಲ್ಲಿರಲಿ. 40 ಮೀಟರಿನ ಕೆಲಸಕ್ಕೆ ದುರ್ಬೀನೂ ಬೇಡ. ನಳಿಗೆಯ ತುದಿಯ ಹಿತ್ತಾಳೆ ಮಣಿ ಸಾಕು. ಮಬ್ಬಿನಲ್ಲಿ ಅದು ಕಾಣದಿದ್ದರೆ ಬಿಳಿ ಮಣಿ ಕೂಡಿಸಿಕೊಳ್ಳಬಹುದು.

ತೋಟೆಯ ಬಗ್ಗೆಯೂ ಎಚ್ಚರ ಬೇಕು. ಹಳೆಯ ಬಂದೂಕುಗಳ ತೋಟೆಯ ಮನೆ 65 ಮಿಲಿಮೀಟರಿನದು ಇರಬಹುದು. ಈಗ ಸಾಮಾನ್ಯವಾದ 70 ಮಿಲಿಮೀಟರಿನ ತೋಟೆ ಅದರಲ್ಲಿ ಕೂರುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಮಿತಿಮೀರುತ್ತದೆ. ನಳಿಗೆಯ ಬುಡದಲ್ಲಿ ಕೊರೆದ ಅಂಕಿ ನೋಡಿಯೇ ಕೊಳ್ಳಿ. 20 ಬೋರಿನ ತೋಟೆಯೊಂದು ತಪ್ಪಿ 12 ಬೋರಿನ ನಳಿಗೆಗೆ ಬಿದ್ದರೆ ಅದು ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಇದೇ ಅಪಾಯ ಇನ್ನೊಂದು ಕಡೆಯಿಂದಲೂ ಬರುತ್ತದೆ, ರೈತರಿಗೆ ಇದು ಬೇಗ ತಿಳಿದೀತು. ಮಣ್ಣಿನ ಗೂಡು ಕಟ್ಟುವ ಕಣಜವನ್ನು ನೀವು ಪಂಪಿನ ಮನೆಯಲ್ಲಿ ನೋಡಿದ್ದೀರಿ. ತಿಂಗಳುಗಟ್ಟಲೆ ಸುಮ್ಮನೆ ನಿಂತ ನಳಿಗೆ ಅದಕ್ಕೆ ಸಿದ್ಧವಾದ ಮನೆ. ಒಣಗಿದ ಮಣ್ಣಿನ ಆ ಬಿರಡೆ ನಳಿಗೆ ಸೀಳಲು ಸಾಕು. ಆದ್ದರಿಂದ ಹೊರಡುವ ಮುನ್ನ ತೋಟೆ ಇಲ್ಲವೆಂದು ಖಚಿತ ಮಾಡಿಕೊಂಡು ಹಿಂದಿನಿಂದ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ. ಒರೆಸುವ ಸಲಾಕೆ, ಹಿತ್ತಾಳೆ ಕುಂಚ, ಬಟ್ಟೆ, ತೆಳು ಎಣ್ಣೆ, ಇಷ್ಟೇ ನಿಜವಾದ ಜೋಡಣೆ ಎಂದರೆ ತಪ್ಪಾಗದು. ಬಾಯಿಮದ್ದಿನ ಬಂದೂಕಿನ ಕರಿಮದ್ದಿನ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಅದನ್ನು ಹಾರಿಸಿದ ದಿನವೇ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ ಎಣ್ಣೆ ಸವರಬೇಕು.

ಇಡುವ ಜಾಗದ ಬಗ್ಗೆ ನಾನು ಹೆಚ್ಚಾಗಿ ಕಾಣುವ ತಪ್ಪು ಒಂದಿದೆ. ಯೂರಿಯಾ, ಪೊಟ್ಯಾಷ್ ಚೀಲಗಳ ಮರೆಯಲ್ಲಿ ಬಂದೂಕು ಇಡುವುದು. ಕಳ್ಳನ ಕಣ್ಣಿಗೆ ಬೀಳದು ಎಂಬ ಲೆಕ್ಕಾಚಾರ ಇರಬಹುದು, ಆದರೆ ಗೊಬ್ಬರದ ಉಪ್ಪು ಮತ್ತು ತೇವ ಒಂದು ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಹಿಡಿಸುತ್ತವೆ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಇಡುವ ಕೋಣೆಯಂತೂ ಬೇಡವೇ ಬೇಡ. ಮೈಲುತುತ್ತ ಕಬ್ಬಿಣಕ್ಕೆ ಏನು ಮಾಡುತ್ತದೆಂದು ನಿಮ್ಮ ಸಿಂಪರಣಾ ಡಬ್ಬಿಗಳೇ ಹೇಳುತ್ತವೆ. ಒಣಗಿದ ಕೋಣೆಯ ಕಪಾಟು, ಗಟ್ಟಿ ಬೀಗ, ತೋಟೆಗಳು ಬೇರೆ ಬೀಗದಲ್ಲಿ. ಕೀಲಿಕೈ ಎಲ್ಲಿದೆಯೆಂಬುದು ಮನೆಯ ಹುಡುಗರಿಗೆ ತಿಳಿಯದಿರಲಿ.

ಇಷ್ಟೆಲ್ಲ ಆದ ಮೇಲೆಯೂ ಒಂದು ಮಾತು ಉಳಿಯುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಪ್ರಾಣಿ ಕೊಲ್ಲುವ ಅಪ್ಪಣೆಯಲ್ಲ. ಕಾಡುಹಂದಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು 11ನೆಯ ಕಲಮಿನಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯಿಂದ ಲಿಖಿತ ಅನುಮತಿ ಬೇಕು. ನವಿಲು, ಚಿಗರೆಗಳು ಮೊದಲ ಅನುಸೂಚಿಯವು, ಅವುಗಳತ್ತ ನಳಿಗೆ ಎತ್ತುವಂತೆಯೇ ಇಲ್ಲ. ಅನುಮತಿ ಇಲ್ಲದವನ ಕೈಯಲ್ಲಿ ಬಂದೂಕು ಸದ್ದು ಮಾಡುವ ಸಾಧನವಷ್ಟೇ, ಅದೂ ಮುಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ. ಕೊಂದರೂ ಕಾಟ ತೀರುತ್ತದೆಂಬ ಭರವಸೆಯಿಲ್ಲ. ಅಮೇರಿಕೆಯ ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿ ಬೇಟೆಯನ್ನೇ ನಿಲ್ಲಿಸಿತು. ಒಂದೆರಡಕ್ಕೆ ಗುಂಡು ಹೊಡೆದರೆ ಉಳಿದ ಹಿಂಡು ಚದುರಿ ಹೊಸ ಹೊಲಗಳಿಗೆ ಹರಡುತ್ತದೆಂಬುದು ಅವರ ಅನುಭವ. ಬೆಳೆ ಹಾನಿಯಾದ ಕೂಡಲೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ; ತಡ ಮಾಡಿದರೆ ಗುರುತು ಅಳಿಸಿಹೋಗುತ್ತದೆ.

ಕೊಡಗಿನವರ ಉದಾಹರಣೆಯನ್ನು ನಮ್ಮವರು ಆಗಾಗ ಕೊಡುತ್ತಾರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ನಡೆಯುತ್ತದೆ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಅದು ನಮಗೆ ಅನ್ವಯಿಸುವುದಿಲ್ಲ. ಮಹಾನವಮಿಗೆ ನಾವೂ ಆಯುಧ ಪೂಜೆ ಮಾಡೋಣ, ಆದರೆ ಗಾಳಿಯಲ್ಲಿ ಗುಂಡು ಬೇಡ. ಹಬ್ಬ, ಮದುವೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಹಾರಿಸಿದವರಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು.

ಕೊನೆಗೆ ಗಡಿಭಾಗದ ನಮಗೇ ಇರುವ ತೊಡಕು. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ, ಕಾಗವಾಡದವರಿಗೆ ಮಿರಜ ಹತ್ತಿರ. ರಬ್ಬರು ಕೂಡಿಸಲು, ಮಣಿ ಬದಲಿಸಲು ಬಂದೂಕನ್ನು ಮೋಟಾರ್‌ಸೈಕಲ್ಲಿನ ಮೇಲೆ ಹಾಕಿಕೊಂಡು ಹೊರಟುಬಿಡುವವರಿದ್ದಾರೆ. ನಿಮ್ಮ ಪರವಾನಗಿಯ ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ ಇಡೀ ದೇಶಕ್ಕೋ ಎಂಬುದು ಪುಸ್ತಕದಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ರಾಜ್ಯದ ಗಡಿಯಾಚೆ ಕಾಲಿಟ್ಟ ಕ್ಷಣದಿಂದ ಅದು ಪರವಾನಗಿ ಇಲ್ಲದ ಬಂದೂಕು. ಪುಸ್ತಕ ತೆರೆದಾಗ ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ. 2019ರ ತಿದ್ದುಪಡಿಯಿಂದ ಅವಧಿ ಮೂರರ ಬದಲು ಐದು ವರ್ಷವಾಗಿರುವುದರಿಂದ ಮರೆಯುವುದು ಸುಲಭ. ನವೀಕರಣದ ಅರ್ಜಿಯನ್ನು ಎರಡು ತಿಂಗಳು ಮೊದಲೇ ಹಾಕುವುದು ಲೇಸು. ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸುವಾಗ ಹೆಗಲಪಟ್ಟಿ ಮುಂತಾದವನ್ನು ಬಿಚ್ಚಿ ಮನೆಯಲ್ಲೇ ಇಟ್ಟು, ಬಂದೂಕಿನ ನಂಬರು ಬರೆದ ರಸೀತಿ ಪಡೆಯಿರಿ.

ರಾಯಬಾಗದ ಆ ಯಜಮಾನರನ್ನು ಕಳೆದ ಸುಗ್ಗಿಯಲ್ಲಿ ಮತ್ತೆ ಕಂಡೆ. ದುರ್ಬೀನು ಮಗನ ಆಟದ ಸಾಮಾನಾಗಿದೆ. ಟಾರ್ಚು ದನದ ಕೊಟ್ಟಿಗೆಯ ಗೂಟದಲ್ಲಿ ತೂಗುತ್ತಿದೆ. ರಾತ್ರಿ ಕಬ್ಬಿಗೆ ಹೋಗುವ ಮುನ್ನ ಅವರು ಈಗ ಪಕ್ಕದ ಹೊಲದವನಿಗೆ ಫೋನು ಮಾಡಿ, ಎಲ್ಲಿದ್ದೀ ಎಂದು ಕೇಳುತ್ತಾರೆ.