ಮನೆಯ ಸೌರಫಲಕ ಮತ್ತು ಬ್ಯಾಟರಿ: ಲಾಭನಷ್ಟದ ವಿಚಾರ

ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನೂ ಕೆಳಗೆ ಬ್ಯಾಟರಿಯನ್ನೂ ಇರಿಸಿಕೊಳ್ಳುವುದು ಲಾಭಕರವೇ ಎಂಬ ಪ್ರಶ್ನೆಯನ್ನು ಅಧ್ಯಾಪಕ ಮಿತ್ರರು ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ನಿವೃತ್ತಿಯ ವೇಳೆಗೆ ಕೈಸೇರಿದ ಹಣದಲ್ಲಿ ಎರಡು ಮೂರು ಲಕ್ಷ ರೂಪಾಯಿಗಳನ್ನು ಇದಕ್ಕಾಗಿ ತೆಗೆದಿರಿಸಬೇಕಾದವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಆದರೆ ಪ್ರಶ್ನೆಯ ರೂಪದಲ್ಲಿಯೇ ಒಂದು ದೋಷವಿದೆ. ವ್ಯಾಪಾರಿಯು ಒಂದೇ ಬೆಲೆಪಟ್ಟಿಯಲ್ಲಿ ಬರೆದುಕೊಟ್ಟನೆಂಬ ಮಾತ್ರಕ್ಕೆ ಎರಡು ಬೇರೆ ವಸ್ತುಗಳನ್ನು ನಾವು ಒಂದೆಂದು ಭಾವಿಸುತ್ತೇವೆ. ಫಲಕವು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಬ್ಯಾಟರಿಯಾದರೋ ಒಂದು ಯೂನಿಟ್ಟನ್ನೂ ಉತ್ಪಾದಿಸುವುದಿಲ್ಲ. ಹಗಲಿನದನ್ನು ಇರುಳಿಗೆ ದಾಟಿಸುತ್ತದೆ, ದಾಟಿಸುವಾಗ ಸ್ವಲ್ಪವನ್ನು ತಾನೇ ನುಂಗುತ್ತದೆ. ಆದುದರಿಂದ ಇವುಗಳ ಲೆಕ್ಕವನ್ನು ಬೇರೆಬೇರೆಯಾಗಿಯೇ ಮಾಡತಕ್ಕದ್ದು.

ಮೊದಲು ಫಲಕ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಫಲಕವು ಶೇಕಡ 20ನ್ನು ಮೀರುತ್ತದೆ. ನಮ್ಮ ನಾಡಿನಲ್ಲಿ ದಕ್ಷಿಣಾಭಿಮುಖವಾಗಿ ಸ್ವಲ್ಪ ಓರೆಯಾಗಿರಿಸಿದ ಒಂದು ಕಿಲೋವಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಉತ್ಪತ್ತಿ ಹೆಚ್ಚೆಂಬ ಊಹೆ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದುದು ಬೆಳಕು, ಶಾಖವಲ್ಲ. ಕಾದಷ್ಟೂ ಅದರ ಶಕ್ತಿ ಅಷ್ಟಿಷ್ಟು ಕುಗ್ಗುತ್ತದೆ. ನೆರಳಿನ ವಿಷಯವಂತೂ ಇನ್ನೂ ಗಮನಾರ್ಹ. ಕೋಶಗಳನ್ನು ಒಂದರ ಹಿಂದೊಂದು ಸರಪಣಿಯಂತೆ ಜೋಡಿಸಿರುವುದರಿಂದ, ಪಕ್ಕದ ತೆಂಗಿನ ಒಂದು ಗರಿಯ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ, ಆ ನೆರಳಿನ ವಿಸ್ತಾರಕ್ಕೆ ಮೀರಿದ ನಷ್ಟ ಉಂಟಾಗುತ್ತದೆ. ತಾರಸಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ನೆರಳು ಸರಿಯುವ ದಾರಿಯನ್ನು ಒಂದು ದಿನ ಕುಳಿತು ನೋಡುವುದು ಯಾವ ಬೆಲೆಪಟ್ಟಿಗಿಂತಲೂ ಹೆಚ್ಚು ಉಪಯುಕ್ತ.

ಈಗ ಒಂದು ಉದಾಹರಣೆ. 3 ಕಿಲೋವಾಟ್ ಫಲಕದ ಬೆಲೆ, ಕೂಡಿಸುವ ಖರ್ಚು ಸೇರಿ 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. 2024ರ ಫೆಬ್ರವರಿಯಲ್ಲಿ ಕೇಂದ್ರಸರ್ಕಾರವು ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಂತೆ ಇದಕ್ಕೆ 78,000 ರೂಪಾಯಿ ಸಹಾಯಧನ. ಉಳಿದದ್ದು 1,02,000. ಧೂಳು, ನೆರಳುಗಳನ್ನು ಕಳೆದು ವರ್ಷಕ್ಕೆ 4,000 ಯೂನಿಟ್ ಬರಲಿ. ಯೂನಿಟ್ಟಿನ ದರ 6 ರೂಪಾಯಿ ಇರಲಿ. ತಿಂಗಳಿಗೆ 350 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 24,000 ರೂಪಾಯಿ ಉಳಿಯುತ್ತದೆ. ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನು ಶೇಕಡ 7ರಂತೆ ಲೆಕ್ಕಕ್ಕೆ ಹಿಡಿದರೂ ಐದು ವರ್ಷ ದಾಟುವಷ್ಟರಲ್ಲಿ ಬಂಡವಾಳ ಹಿಂದಿರುಗುತ್ತದೆ. ಫಲಕದ ಆಯುಸ್ಸು ಸುಮಾರು 25 ವರ್ಷ. ಇನ್ವರ್ಟರನ್ನು ನಡುವೆ ಒಮ್ಮೆ ಬದಲಾಯಿಸಬೇಕಾದೀತು. ಇಂಥ ಮನೆಗೆ ಫಲಕವು ನಿಸ್ಸಂದೇಹವಾಗಿ ಲಾಭಕರ.

ಆದರೆ ತಿಂಗಳಿಗೆ 150 ಯೂನಿಟ್ ಮಾತ್ರ ಬಳಸುವ ಮನೆಯ ಸ್ಥಿತಿ ಬೇರೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತನ್ನು ಉಚಿತವಾಗಿ ಕೊಡಲಾಗುತ್ತಿದೆ. ಬಿಲ್ಲೇ ಶೂನ್ಯವಾಗಿರುವಲ್ಲಿ ಫಲಕವು ಉಳಿಸುವುದಾದರೂ ಏನನ್ನು? ಒಂದು ಸರ್ಕಾರದ ಉದಾರತೆ ಮತ್ತೊಂದು ಸರ್ಕಾರದ ಉದಾರತೆಯನ್ನು ಹೀಗೆ ನಿಷ್ಫಲಗೊಳಿಸಿರುವುದು ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಬಂಧವಸ್ತು.

ಇನ್ನು ಬ್ಯಾಟರಿ. ನೆಟ್ ಮೀಟರಿಂಗ್ ಎಂದು ಹೆಸರಾದ ಪದ್ಧತಿಯಲ್ಲಿ, ಹಗಲು ಮಿಕ್ಕ ವಿದ್ಯುತ್ತನ್ನು ನಾವು ಸರಬರಾಜು ಜಾಲಕ್ಕೆ ಕೊಟ್ಟು ರಾತ್ರಿ ಅಷ್ಟನ್ನೇ ಹಿಂದಕ್ಕೆ ಪಡೆಯುತ್ತೇವೆ. ಬಿಲ್ಲಿನಲ್ಲಿ ಒಂದರಿಂದೊಂದನ್ನು ಕಳೆಯುತ್ತಾರೆ. ಎಂದರೆ ಜಾಲವೇ ನಮ್ಮ ಬ್ಯಾಟರಿ, ಅದೂ ಬಾಡಿಗೆಯಿಲ್ಲದ್ದು. ಇಲ್ಲಿ ಸ್ವಂತ ಬ್ಯಾಟರಿಯಿಂದ ಒಂದು ರೂಪಾಯಿಯೂ ಉಳಿಯದು. ಹೀಗಿರುವಲ್ಲಿ ಅದರ ಖರ್ಚೆಷ್ಟು? ಒಂದು ಲಕ್ಷ ರೂಪಾಯಿಯ ಲಿಥಿಯಂ ಬ್ಯಾಟರಿಯೊಂದು ದಿನಕ್ಕೆ 4 ಯೂನಿಟ್ಟಿನಂತೆ ಹತ್ತು ವರ್ಷ ದುಡಿದರೆ 14,600 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಸಂಗ್ರಹಣೆಯ ವೆಚ್ಚವೇ ಸುಮಾರು 7 ರೂಪಾಯಿ. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿಯು ಬಿಸಿಲಿನ ವೇಳೆಗೆ ಕಡಮೆ, ಸಂಜೆಗೆ ಹೆಚ್ಚು ಎಂಬ ದರಪದ್ಧತಿಯನ್ನು ಸೂಚಿಸಿದೆ. ಹಗಲು ಶೇಕಡ 20 ಇಳಿದು ಸಂಜೆ ಶೇಕಡ 10 ಏರಿದರೆ ನಮ್ಮ ಉದಾಹರಣೆಯಲ್ಲಿ ಅಂತರ 1 ರೂಪಾಯಿ 80 ಪೈಸೆ. ಇದನ್ನು ಗಳಿಸಲು 7 ರೂಪಾಯಿ ವೆಚ್ಚಮಾಡುವುದು ವಿವೇಕವಲ್ಲ.

ಹಾಗಾದರೆ ಬ್ಯಾಟರಿಯನ್ನು ಏಕೆ ಕೊಳ್ಳಬೇಕು? ವಿದ್ಯುತ್ತು ಹೋದಾಗ ದೀಪ ಉರಿಯಲೆಂದು. ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರವ್ಯವಸ್ಥೆಯು ಜಾಲ ಸತ್ತ ಕ್ಷಣದಲ್ಲಿ ತಾನೂ ನಿಂತುಬಿಡುತ್ತದೆ ಎಂಬುದು ಬಹುಮಂದಿಗೆ ತಿಳಿಯದು. ನಡುಹಗಲಿನ ಬಿಸಿಲಲ್ಲಿ ಫ್ಯಾನು ನಿಂತಾಗ ಅವರು ಬೆರಗಾಗುತ್ತಾರೆ. ಕಂಬವೇರಿ ತಂತಿಯನ್ನು ಸರಿಪಡಿಸುವ ಲೈನ್‌ಮನ್ನನಿಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ತು ಪ್ರಾಣಾಪಾಯ ತಂದೀತೆಂಬುದು ಇದಕ್ಕೆ ಮುಖ್ಯ ಕಾರಣ. ಈ ಕೊರತೆಯನ್ನು ಬ್ಯಾಟರಿ ನೀಗುತ್ತದೆ, ಆದರೆ ಬೆಲೆ ಬೇರೆ. ವರ್ಷಕ್ಕೆ 100 ಯೂನಿಟ್ ಮಾತ್ರ ಇಂಥ ಸಮಯದಲ್ಲಿ ಬಳಕೆಯಾದರೆ ಒಂದೊಂದಕ್ಕೆ 100 ರೂಪಾಯಿ ಬೀಳುತ್ತದೆ. ಫ್ಯಾನಿಗೆ ಇದು ದುಬಾರಿ. ಶ್ವಾಸಕೋಶದ ಕಾಯಿಲೆಯವರು ಮಲಗಿರುವ ಮನೆಯಲ್ಲಿ ಹಾಗಲ್ಲ: 350 ವಾಟ್ ಎಳೆಯುವ ಆಮ್ಲಜನಕ ಯಂತ್ರವೊಂದು 4 ಯೂನಿಟ್ಟಿನಲ್ಲಿ ಹನ್ನೊಂದು ಗಂಟೆ ನಡೆಯುತ್ತದೆ.

ಮಲೆನಾಡಿನಲ್ಲಿ ಒಂದು ವೈಪರೀತ್ಯವಿದೆ. ಮರ ಬಿದ್ದು ತಂತಿ ಹರಿಯುವುದು ಜೂನ್, ಜುಲೈ ತಿಂಗಳುಗಳಲ್ಲಿ. ಫಲಕ ಮಂಕಾಗುವುದೂ ಆಗಲೇ. ಅಲ್ಲಿ ಬ್ಯಾಟರಿಯನ್ನು ಬಹುಪಾಲು ತುಂಬುವುದು ಸೂರ್ಯನಲ್ಲ, ಆಗಾಗ ಬಂದು ಹೋಗುವ ಜಾಲದ ವಿದ್ಯುತ್ತೇ. ಒಂದೆರಡು ದೀಪ, ಒಂದು ಫ್ಯಾನಿನ ಮಟ್ಟಿಗಾದರೆ ಹಳೆಯ ಮಾದರಿಯ ಯುಪಿಎಸ್ಸೇ ಸಾಕು. ಅದರ ಸೀಸದ ಬ್ಯಾಟರಿಯ ಮೂಲರೂಪವನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಕಂಡುಹಿಡಿದನು. ಈ ಲೇಖಕನು ಅದರ ಸಿದ್ಧಾಂತವನ್ನು ತರಗತಿಯಲ್ಲಿ ವರ್ಷಗಟ್ಟಲೆ ಬೋಧಿಸಿಯೂ ಮನೆಯದಕ್ಕೆ ಭಟ್ಟಿ ಇಳಿಸಿದ ನೀರು ಹಾಕಲು ಮರೆತು ಮೂರನೆಯ ವರ್ಷಕ್ಕೇ ಕೆಡಿಸಿಕೊಂಡನು. ತಂತಿಯೇ ಮುಟ್ಟದ ಒಂಟಿಮನೆಗಳಲ್ಲಿ ಮಾತ್ರ ಈ ಲೆಕ್ಕಗಳಾವುವೂ ಸಲ್ಲುವುದಿಲ್ಲ. ಅಲ್ಲಿ ಬ್ಯಾಟರಿಯಿಲ್ಲದ ಫಲಕಕ್ಕೆ ಸಂಜೆಯ ದೀಪವನ್ನು ಹಚ್ಚುವ ಶಕ್ತಿಯಿಲ್ಲ.

ಉಳಿದವರು ಬೆಲೆಪಟ್ಟಿಯಲ್ಲಿ ಫಲಕ, ಇನ್ವರ್ಟರ್, ಬ್ಯಾಟರಿಗಳ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಂಡು, ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಬೇಕು. ಈಗ ಬ್ಯಾಟರಿ ಬೇಡವೆನಿಸಿದವರು ಮುಂದೆ ಅದನ್ನು ಸೇರಿಸಲು ಬರುವ ಹೈಬ್ರಿಡ್ ಇನ್ವರ್ಟರಿಗೆ ಎಷ್ಟು ಹೆಚ್ಚು ತೆರಬೇಕಾಗುತ್ತದೆಂಬುದನ್ನೂ ಆಗಲೇ ಕೇಳಿಟ್ಟುಕೊಳ್ಳಬಹುದು.