ಎಲ್ಲೆಯೊಳಗಿನ ಯಾದೃಚ್ಛಿಕ ಸಂಖ್ಯೆ: ಜಾವಾದ ಒಂದು ಆರಂಭಿಕ ಅಭ್ಯಾಸ

ಜಾವಾ ಭಾಷೆಯನ್ನು ಕಲಿಯತೊಡಗಿದವರಿಗೆ ನೀಡುವ ಮೊದಮೊದಲ ಅಭ್ಯಾಸಗಳಲ್ಲಿ ನಿಗದಿತ ಎಲ್ಲೆಯೊಳಗೆ ಯಾದೃಚ್ಛಿಕ ಸಂಖ್ಯೆಯೊಂದನ್ನು ಪಡೆಯುವುದೂ ಒಂದು. ದಾಳದ 1ರಿಂದ 6ರವರೆಗಿನ ಸಂಖ್ಯೆ ಇದರ ರೂಢಿಯ ಉದಾಹರಣೆ. ಪಠ್ಯದಿಂದ ಮಾದರಿಗಳನ್ನು ಆಯ್ದು ಭಾಷಿಕ ವಿಶ್ಲೇಷಣೆ ನಡೆಸುವ ಸಂಶೋಧಕರಿಗೂ ಇದೇ ಲೆಕ್ಕ ಎದುರಾಗುತ್ತದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ 14 ಆಶ್ವಾಸಗಳಲ್ಲಿ ಒಂದನ್ನು ಪಕ್ಷಪಾತವಿಲ್ಲದೆ ಆರಿಸಬೇಕಾಗಿದೆ ಎಂದಿಟ್ಟುಕೊಳ್ಳಬಹುದು.

ಜಾವಾದ ‘ಮ್ಯಾಥ್ ರ‍್ಯಾಂಡಮ್’ ವಿಧಾನವು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿನ, ಆದರೆ 1ಕ್ಕಿಂತ ಕಡಿಮೆಯಾದ ದಶಮಾಂಶ ಸಂಖ್ಯೆಯನ್ನು ನೀಡುತ್ತದೆ. ಅದನ್ನು 14ರಿಂದ ಗುಣಿಸಿ ಭಿನ್ನಾಂಶವನ್ನು ಕೈಬಿಟ್ಟರೆ 0ಯಿಂದ 13ರವರೆಗಿನ ಪೂರ್ಣಾಂಕ ದೊರೆಯುತ್ತದೆ. 1ನ್ನು ಕೂಡಿಸಿದರೆ ಆಶ್ವಾಸದ ಸಂಖ್ಯೆ. ಕೂಡಿಸಲು ಮರೆತರೆ ಇಲ್ಲದ ಸೊನ್ನೆಯ ಆಶ್ವಾಸ ಬರುತ್ತದೆ, 14ನೆಯದು ಎಂದೂ ಬಾರದು. ಪಂಪ ತನ್ನ ವಂಶದ ವಿವರಗಳನ್ನು ಹೇಳಿಕೊಂಡಿರುವುದು ಆ ಕೊನೆಯ ಆಶ್ವಾಸದಲ್ಲಿಯೇ. ಗುಣಾಕಾರವನ್ನು ಆವರಣದೊಳಗೆ ಇರಿಸದಿದ್ದರಂತೂ ಗುಣಿಸುವ ಮುನ್ನವೇ ಭಿನ್ನಾಂಶ ಕಳಚಿ, ಪ್ರತಿ ಸಲವೂ ಮೊದಲ ಆಶ್ವಾಸವೇ ಬರುತ್ತದೆ.

ಇಂತಹ ತಪ್ಪುಗಳು ಬೇಗನೆ ಕಣ್ಣಿಗೆ ಬೀಳುತ್ತವೆ. ಬೀಳದಿರುವುದೇ ಹೆಚ್ಚು ಅಪಾಯಕಾರಿ. 13ರಿಂದ ಗುಣಿಸಿ, ಬಂದುದನ್ನು ಸಮೀಪದ ಪೂರ್ಣಾಂಕಕ್ಕೆ ಹೊಂದಿಸಿ, 1ನ್ನು ಕೂಡಿಸಿದರೂ 1ರಿಂದ 14ರವರೆಗಿನ ಎಲ್ಲ ಸಂಖ್ಯೆಗಳೂ ಬರುತ್ತವೆ. ಫಲಿತಾಂಶ ಸರಿಯೆಂದೇ ತೋರುತ್ತದೆ. ಆದರೆ ನಡುವಿನ ಪ್ರತಿ ಆಶ್ವಾಸಕ್ಕೆ 13ರಲ್ಲಿ ಒಂದು ಅವಕಾಶವಿದ್ದರೆ, ಎರಡು ತುದಿಯ ಆಶ್ವಾಸಗಳಿಗೆ 26ರಲ್ಲಿ ಒಂದು ಮಾತ್ರ. ಕಾವ್ಯದ ಪೀಠಿಕೆಯೂ ಸಮಾಪ್ತಿಯೂ ಹೀಗೆ ಸದ್ದಿಲ್ಲದೆ ಅರ್ಧಕ್ಕಿಳಿಯುತ್ತವೆ.

‘ರ‍್ಯಾಂಡಮ್’ ವರ್ಗದ ‘ನೆಕ್ಸ್ಟ್ ಇಂಟ್’ ವಿಧಾನವನ್ನು ಬಳಸಿದರೆ ಈ ತೊಡಕುಗಳು ಕಡಿಮೆ. ಅದಕ್ಕೆ 14 ಎಂಬ ಮಿತಿಯನ್ನು ಕೊಟ್ಟಾಗ 0ಯಿಂದ 13ರವರೆಗಿನ ಪೂರ್ಣಾಂಕವೇ ನೇರವಾಗಿ ಸಿಗುತ್ತದೆ. 2021ರಲ್ಲಿ ಬಂದ ಜಾವಾ 17ರಿಂದ ಕೆಳಮಿತಿ, ಮೇಲ್ಮಿತಿ ಎರಡನ್ನೂ ಕೊಡಬಹುದಾಗಿದೆ. ಮೇಲ್ಮಿತಿ ಎಣಿಕೆಗೆ ಸೇರದ ಕಾರಣ ಇಲ್ಲಿ ಕೊಡಬೇಕಾದುದು 1 ಮತ್ತು 15.

ಬೇಕಾದುದು ಆಶ್ವಾಸವಲ್ಲ, ಪದ್ಯ ಎಂದಾದರೆ ಸಮಸ್ಯೆ ಬೇರೆಯಾಗುತ್ತದೆ. ಮೊದಲು ಆಶ್ವಾಸವನ್ನು, ಅನಂತರ ಅದರೊಳಗಿನ ಪದ್ಯವನ್ನು ಆರಿಸಿದಲ್ಲಿ ಚಿಕ್ಕ ಆಶ್ವಾಸದ ಪದ್ಯಗಳಿಗೆ ಹೆಚ್ಚಿನ ಅವಕಾಶ ಸಲ್ಲುತ್ತದೆ. ಇದು ಜಾವಾದ ದೋಷವಲ್ಲ, ಯೋಜನೆಯ ದೋಷ. ಎಲ್ಲ ಪದ್ಯಗಳಿಗೂ ಒಂದೇ ಸರಣಿಯ ಅನುಕ್ರಮ ಸಂಖ್ಯೆ ಕೊಟ್ಟು ಆರಿಸುವುದೇ ಸರಿಯಾದ ಮಾರ್ಗ.

ಯಾದೃಚ್ಛಿಕವೆಂಬ ಹೆಸರೂ ಇಲ್ಲಿ ತುಸು ದೊಡ್ಡದೇ. ‘ರ‍್ಯಾಂಡಮ್’ ವರ್ಗವು 48 ಬಿಟ್‌ಗಳ ಸಂಖ್ಯೆಯೊಂದನ್ನು ಪ್ರತಿ ಸಲವೂ ನಿಶ್ಚಿತ ಗುಣಕದಿಂದ ಗುಣಿಸಿ, ನಿಶ್ಚಿತ ಸಂಖ್ಯೆಯನ್ನು ಕೂಡಿಸಿ ಮುಂದಿನದನ್ನು ಪಡೆಯುತ್ತದೆ. ಆದುದರಿಂದ ಆರಂಭದ ಬೀಜಸಂಖ್ಯೆ ಒಂದೇ ಆಗಿದ್ದರೆ ಬರುವ ಸರಣಿಯೂ ಒಂದೇ. ಬಳಸಿದ ಆವೃತ್ತಿಯನ್ನು ನಮೂದಿಸುವಂತೆಯೇ ಬೀಜಸಂಖ್ಯೆಯನ್ನೂ ಕ್ರಮವಿಧಿಯನ್ನೂ ಪ್ರಬಂಧದಲ್ಲಿ ನಮೂದಿಸಿದರೆ, ಅದೇ ಪದ್ಯಗಳನ್ನು ಮತ್ತೊಬ್ಬರು ಮರಳಿ ಆಯ್ದು ಪರಿಶೀಲಿಸಬಹುದು.